ಅತ್ತೆಗೆ ನೆನಪಿನ ಮಾತ್ರೆ

ರೀ,

ಟೈಲರ್ ಅಂಗಡಿಗೆ ಹೊರಟೆ, ಬರೋದು ತಡವಾಗುತ್ತೆ. ಊಟ ಆದಮೇಲೆ ನಿಮ್ಮಮ್ಮನಿಗೆ ಬಿಳಿ ಮಾತ್ರೆ ಕೊಡಿ. ನಾಲಿಗೆ ಕೆಳಗೆ ಬಚ್ಚಿಡ್ತಾರೆ, ನುಂಗೋತನಕ ನಿಂತು ನೋಡಿ.

“ಈಗ ಅಮ್ಮ ನಿನ್ನನ್ನ ಮುದ್ದು ಮಾಡ್ತಾಳಲ್ಲ, ಮಾತ್ರೆ ಯಾಕೆ?” ಅಂತ ನಿನ್ನೆ ಕೇಳಿದ್ರಿ. ಹೌದು, ನನ್ನ ರವಿಕೆ ಅಂಚು ಸವರಿ, “ಎಷ್ಟು ಚೆಂದ ಹೊಲಿದಿದ್ದೀಯಮ್ಮ, ಯಾರ ಮಗಳು ನೀನು?” ಅಂದ್ರು. ನಾನು ಹೆರಿಗೆಗೆ ಹೋಗಿದ್ದಾಗ ನನ್ನ ಹೊಲಿಗೆ ಯಂತ್ರನ ಗುಜರಿಗೆ ಹಾಕಿದ್ದು ಇದೇ ಕೈ. ನೀವು ಆವತ್ತೂ ಪೇಪರ್ ಓದ್ತಾ ಕೂತಿದ್ರಿ.

ಡಾಕ್ಟರು ಹೇಳಿದ್ರಲ್ಲ, ಮೆದುಳಲ್ಲಿ ನೆನಪಿಗೆ ಬೇಕಾದ ರಾಸಾಯನಿಕವನ್ನ ಕೋಲಿನೆಸ್ಟರೇಸ್ ಅನ್ನೋ ಕಿಣ್ವ ಒಡೆದು ಹಾಕುತ್ತೆ, ಈ ಮಾತ್ರೆ ಅದರ ಕೈ ಕಟ್ಟಿಹಾಕುತ್ತೆ ಅಂತ. ಕಾಯಿಲೆ ವಾಸಿಯಾಗಲ್ಲ, ಉಳಿದ ನೆನಪು ಇನ್ನಷ್ಟು ದಿನ ನಿಲ್ಲಬಹುದು. ನನಗಷ್ಟು ಸಾಕು.

ಎಲ್ಲಾ ಮರೆತು ಹಾಯಾಗಿ ಜಾರಿಕೊಳ್ಳೋಕೆ ನಾನು ಬಿಡಲ್ಲ. ಒಂದು ದಿನವಾದ್ರೂ ನನ್ನ ಗುರುತು ಹಿಡಿದು ಮುಖ ಸಿಂಡರಿಸಲಿ. ಆವತ್ತು ಎದುರಿಗೆ ಕೂತು, “ನನ್ನ ಮಿಷನ್ ಎಲ್ಲಿ ಅತ್ತೆ?” ಅಂತ ಕೇಳ್ತೀನಿ.

ಕುರ್ಚಿ ಮೇಲಿರೋ ಹೊದಿಕೆ ಅವರಿಗೇ ಅಂತ ಹೊಲಿದಿದ್ದು. ಕಾಲು ಮುಚ್ಚೋ ಹಾಗೆ ಹೊದಿಸಿ. ಚಳಿಗೆ ಅವರು ಹೋಗಿಬಿಟ್ರೆ ನಾನು ಯಾರನ್ನ ಕೇಳಲಿ?