ಓದಿ ಮುಚ್ಚಿದ ಪತ್ರ

ಬ್ಯಾಡಗಿ
೧೨ ಮಾರ್ಚ್ ೧೯೯೯

ಸಾಹುಕಾರರಿಗೆ ಗುಡದಪ್ಪನ ನಮಸ್ಕಾರಗಳು.

ನೀವು ರಾಣೆಬೆನ್ನೂರಿನಿಂದ ಬರುವವರೆಗೆ ಕಾಯಲಾರದೆ ಬರೆಯುತ್ತಿದ್ದೇನೆ. ನಮ್ಮ ಅಂಗಡಿಗೆ ಪೇಟೆಯ ರೇಟು ಬರುವ ಇ-ಮೇಲ್ ಪ್ರೋಗ್ರಾಂನಲ್ಲಿ, ಬಂದ ಪತ್ರವನ್ನು ಓದಿ ಮುಚ್ಚಿದರೆ ಅದು ಅಳಿಸಿಹೋಗುತ್ತದೆ. ಉಳಿಸಬೇಕೇ ಎಂದು ಕೇಳುವುದೂ ಇಲ್ಲ. ಹಿಂದೆ ಇದನ್ನು ಹೇಳಿದಾಗ ನೀವು, "ರೇಟು ಓದಿದ ಮ್ಯಾಲೆ ಅದನ್ನ ಇಟಗೊಂಡು ಪೂಜಿ ಮಾಡ್ತೀಯೇನಲೇ?" ಎಂದು ನಕ್ಕಿರಿ.

ನಮ್ಮಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಮುಮ್ತಾಜಬಿಗೆ ಮಗ ಇಸ್ಮಾಯಿಲ್ ಮಸ್ಕತ್‌ನಿಂದ ಇದೇ ಕಂಪ್ಯೂಟರಿಗೆ ಬರೆಯುತ್ತಿದ್ದ. ನಾನು ಓದಿ ಹೇಳುತ್ತಿದ್ದೆ. ಕಳೆದ ತಿಂಗಳು ಅವನು ಅಲ್ಲಿ ಲಾರಿ ಅಪಘಾತದಲ್ಲಿ ತೀರಿಕೊಂಡ. ಮಣ್ಣು ಮಾಡಿದ್ದೂ ಅಲ್ಲೇ. ಈಗ ಆಕೆ ದಿನಾ ಬಂದು ಕೂತು, "ತಮ್ಮಾ, ಅಂವಾ ಕಡೀಕ ಬರದದ್ದು ಇನ್ನೊಮ್ಮೆ ಓದಪಾ" ಎನ್ನುತ್ತಾಳೆ. ಅಳಿಸಿಹೋಗಿದೆ ಎಂದರೆ, "ಇದರಾಗ ಇತ್ತಲ್ಲೋ" ಎಂದು ಪರದೆ ಮುಟ್ಟುತ್ತಾಳೆ.

"ಏನರ ಛಲೋದು ಹೇಳಿ ಕಳಸಲೇ, ಆಕಿಗೇನ ಗೊತ್ತಾಗತೈತಿ?" ಎಂದು ಫೋನಿನಲ್ಲಿ ಹೇಳಿದಿರಿ. ನಾನು ಶಾಲೆ ಬಿಟ್ಟವನು ನಿಜ. ಆದರೆ ಸತ್ತವನ ಹೆಸರಿನಲ್ಲಿ ಇಲ್ಲದ ಮಾತು ಓದಲು ನನ್ನಿಂದಾಗದು. ನನಗೆ ನೆನಪಿರುವುದು ಒಂದೇ ಸಾಲು, ಅಲ್ಲಿಯ ಸಾರಿನಲ್ಲಿ ಖಾರವೇ ಇಲ್ಲವೆಂದು ಬರೆದಿದ್ದ. ನಿನ್ನೆ ಅದನ್ನು ಹೇಳಿದೆ. ಬಹಳ ದಿನದ ಮೇಲೆ ಆಕೆ ನಕ್ಕಳು. "ಹೂಂ, ಮುಂದ?" ಎಂದಳು.

ಮುಂದಿನದು ನನ್ನಲ್ಲಿಲ್ಲ. ಪ್ರೋಗ್ರಾಂ ಹಾಕಿದ ಹುಬ್ಬಳ್ಳಿಯವರನ್ನು ದಯವಿಟ್ಟು ಕರೆಸಿರಿ. ಅಳಿಸಿದ ಪತ್ರ ಮತ್ತೆ ಸಿಗುವುದಿಲ್ಲವೆಂದಾದರೆ ಅವರೇ ಆಕೆಗೆ ಹೇಳಲಿ. ಅಲ್ಲಿಯವರೆಗೆ ಆಕೆಯನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಬಾರದೆಂದು ಗುಮಾಸ್ತರಿಗೆ ತಿಳಿಸಿರಿ.

ನಿಮ್ಮ ಅಂಗಡಿಯ
ಗುಡದಪ್ಪ