ಸುಮ್ಮನಿರುವವರನ್ನು ಮೊದಲು ನೋಡಿ

ಮಾತು ಕಡಿಮೆಯ ನನ್ನ ಅಪ್ಪನಿಗೆ,

ನಿನ್ನನ್ನು ಮಣ್ಣು ಮಾಡಿದ ದಿನ ಬಂದವರೆಲ್ಲ ಒಂದೇ ಮಾತು ಹೇಳಿದರು: ಹಣೆಬರಹ. ಅವ್ವನೂ ಅದನ್ನೇ ಹೇಳಿಕೊಂಡು ಸಮಾಧಾನ ಮಾಡಿಕೊಂಡಳು. ಆಗ ನಾನು ಕೊಯಮತ್ತೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಹುಡುಗಿ, ಹಿರಿಯರ ಮುಂದೆ ಬಾಯಿ ಬಿಡಲಿಲ್ಲ. ಆದರೆ ಒಪ್ಪಲೂ ಇಲ್ಲ ಅಪ್ಪ. ಇವತ್ತಿಗೂ ಒಪ್ಪಿಲ್ಲ.

ಕೂನೂರು ದಾರಿಯ ತಿರುವಿನಲ್ಲಿ ಬಸ್ಸು ಹೊರಳಿದ್ದು ಹಣೆಬರಹವೇ ಇರಲಿ. ಆಸ್ಪತ್ರೆಗೆ ಬಂದ ಮೇಲಿನದ್ದು? ನಿನ್ನ ಪಕ್ಕದ ಸೀಟಿನಲ್ಲಿದ್ದ ಚಿಕ್ಕಪ್ಪ ಎಲ್ಲ ಹೇಳಿದ. ಅವನ ಕೈ ಮುರಿದಿತ್ತು, ಜೋರಾಗಿ ಕೂಗುತ್ತಿದ್ದ. ಡಾಕ್ಟರು, ನರ್ಸು ಎಲ್ಲರೂ ಕೂಗಿದವರ ಹತ್ತಿರ ಓಡಿದರು. ಯಾರು ಯಾರನ್ನು ನೋಡಬೇಕು, ಸ್ಟ್ರೆಚರ್ ಎಲ್ಲಿ, ರಕ್ತ ತರಲು ಯಾರು ಹೋಗಬೇಕು, ಒಬ್ಬರಿಗೂ ಗೊತ್ತಿರಲಿಲ್ಲ. ನೀನು ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ಮೈಮೇಲೆ ಒಂದು ಗೀರೂ ಇಲ್ಲ. ಒಬ್ಬ ನರ್ಸ್ ಹತ್ತಿರ ಬಂದಾಗ, "ನನಗೇನಿಲ್ಲಮ್ಮ, ಅವನನ್ನು ನೋಡು" ಅಂತ ಚಿಕ್ಕಪ್ಪನ ಕಡೆ ಕೈ ತೋರಿಸಿದೆಯಂತೆ. ನಿನ್ನ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ನಿನ್ನ ಸರದಿ ಬರುವ ಹೊತ್ತಿಗೆ... ಯಾಕಪ್ಪ, ಒಂದೇ ಒಂದು ಸಲ ಕೂಗಬಾರದಿತ್ತೇ?

ಓದು ಮುಗಿಸಿ ಅದೇ ಆಸ್ಪತ್ರೆಗೆ ಕೆಲಸಕ್ಕೆ ಸೇರಿದಾಗ ಅವ್ವ ಸಿಟ್ಟಾಗಿ ಮಾತು ಬಿಟ್ಟಳು. ಹಗೆ ತೀರಿಸಲು ಹೋಗಿರಲಿಲ್ಲ ನಾನು. ಈ ಘಾಟಿ ರಸ್ತೆ, ಈ ಮಳೆ. ಮತ್ತೊಂದು ಬಸ್ಸು ಹೊರಳದೆ ಇರುತ್ತದೆಯೇ? ಆಗ ಯಾರು ಎಲ್ಲಿ ನಿಲ್ಲಬೇಕು ಅಂತ ಮೊದಲೇ ಅಭ್ಯಾಸ ಮಾಡೋಣ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. "ಸಿಸ್ಟರ್, ಇದೇನು ನಾಟಕ ಕಂಪನಿಯೇ?" ಅಂದರು. ಮತ್ತೆ ಕೇಳಿದೆ. ಮತ್ತೂ ಕೇಳಿದೆ. "ಇನ್ನು ಈ ಮಾತು ಎತ್ತಬೇಡಿ" ಅಂದರು.

ಎತ್ತಲಿಲ್ಲ. ಮಾಡಿಯೇ ಬಿಟ್ಟೆ.

ಒಂದು ಭಾನುವಾರ ಮಧ್ಯಾಹ್ನ, ಅವರು ಊರಲ್ಲಿಲ್ಲದಾಗ, ಡ್ಯೂಟಿ ಇಲ್ಲದವರನ್ನೆಲ್ಲ ಸೇರಿಸಿದೆ. ಅರ್ಧ ಜನ ಗಾಯಾಳುಗಳು, ಅರ್ಧ ಜನ ನೋಡಿಕೊಳ್ಳುವವರು. ಅಡುಗೆಯ ಬೆಳ್ಳಿಯಣ್ಣನಿಗೆ ಸುಮ್ಮನೆ ಬಿದ್ದಿರುವ ಕೆಲಸ. "ಬದುಕಿರುವವನನ್ನು ಹೆಣದ ಹಾಗೆ ಮಲಗಿಸ್ತೀಯಲ್ಲಮ್ಮ, ನನ್ನ ಹೆಂಡತಿಗೆ ಗೊತ್ತಾದರೆ ನಮ್ಮಿಬ್ಬರನ್ನೂ ಬಿಡೋದಿಲ್ಲ" ಅಂತ ಗೊಣಗುತ್ತಲೇ ಮಲಗಿದ. ಎಲ್ಲರೂ ಕೂಗುವವರ ಕಡೆಗೇ ಓಡಿದರು. ಅವನನ್ನು ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಅವನೇ ಎದ್ದು ಕೂತು, "ನಾನು ಸತ್ತೇ ಹೋದೆನಲ್ರೋ!" ಅಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಿನ್ನ ವಿಷಯ ಹೇಳಿದೆ. ನಗು ನಿಂತಿತು. ಮತ್ತೆ ಮೊದಲಿನಿಂದ ಶುರು ಮಾಡಿದೆವು.

ಊರಿಗೆ ಬಂದ ದೊಡ್ಡ ಡಾಕ್ಟರು, ಬೇಡ ಅಂದರೂ ಯಾಕೆ ಮಾಡಿದಿರಿ ಅಂತ ಮೆಮೋ ಕೊಟ್ಟರು. ಓದಿ, ಮಡಿಸಿಟ್ಟು, ಡ್ಯೂಟಿಗೆ ಹೋದೆ.

ಆ ಮಳೆಗಾಲದಲ್ಲೇ ನಡುವಟ್ಟಂ ಹತ್ತಿರ ಎಸ್ಟೇಟಿನ ಹೆಂಗಸರನ್ನು ತುಂಬಿಕೊಂಡಿದ್ದ ಲಾರಿ ಮಗುಚಿತು. ಜೀಪು, ವ್ಯಾನು, ಸಿಕ್ಕಿದ್ದರಲ್ಲೆಲ್ಲ ಹಾಕಿಕೊಂಡು ತಂದರು. ಅಂಗಳದ ತುಂಬ ಅಳು. ಆದರೆ ಈ ಸಲ ಯಾರೂ ದಿಕ್ಕು ತಪ್ಪಿ ಓಡಾಡಲಿಲ್ಲ ಅಪ್ಪ, ಅವರವರ ಜಾಗದಲ್ಲಿ ನಿಂತರು. ಸ್ಟ್ರೆಚರ್ ಹಿಡಿದಿದ್ದ ಬೆಳ್ಳಿಯಣ್ಣ ಗೋಡೆಯ ಹತ್ತಿರದಿಂದ ಕೂಗಿದ: "ಸಿಸ್ಟರ್! ಈಯಮ್ಮ ಅಳ್ತಾನೇ ಇಲ್ಲ!" ಓಡಿಹೋಗಿ ಮುಟ್ಟಿದೆ. ಮೈ ತಣ್ಣಗೆ, ನಾಡಿ ಕೈಗೆ ಸರಿಯಾಗಿ ಸಿಗುತ್ತಿಲ್ಲ. ಎಲ್ಲರಿಗಿಂತ ಮೊದಲು ಅವಳನ್ನೇ ಒಳಗೆ ಒಯ್ದೆವು. ದೊಡ್ಡ ಡಾಕ್ಟರೇ ಆಪರೇಷನ್ ಮಾಡಿದರು.

ಒಬ್ಬ ಹುಡುಗಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ದಾರಿಯಲ್ಲೇ ಮುಗಿದಿತ್ತು ಅಂತಾರೆ, ಆದರೂ ಆ ಮುಖ... ಗೋಡೆಯ ಹತ್ತಿರ ಅಳದೇ ಇದ್ದ ಆ ಹೆಂಗಸು ಉಳಿದಳು. ಮನೆಗೆ ಹೊರಟ ದಿನ ವಾರ್ಡಿನಲ್ಲಿ ಅವಳ ಬಾಯಿ ಮುಚ್ಚಿಸಲು ಯಾರಿಂದಲೂ ಆಗಲಿಲ್ಲ!

ಎಲ್ಲ ಸುಖವಾಗಿ ಮುಗಿಯಿತು ಅಂದುಕೊಳ್ಳಬೇಡ. ನಿನ್ನೆ ದೊಡ್ಡ ಡಾಕ್ಟರು ಕರೆದರು. "ನೀವು ಮಾಡಿದ್ದು ಸರಿ ಸಿಸ್ಟರ್, ನಾನೇ ಕಣ್ಣಾರೆ ಕಂಡೆ. ಆದರೆ ಬೇಡ ಅಂದ ಮೇಲೂ ಮಾಡಿದ್ದನ್ನು ಸುಮ್ಮನೆ ಬಿಡೋಕಾಗಲ್ಲ" ಅಂತ ಗೂಡಲೂರಿನ ಆಸ್ಪತ್ರೆಗೆ ವರ್ಗದ ಆದೇಶ ಕೈಗಿಟ್ಟರು. "ಅಲ್ಲಾದರೂ ತಗ್ಗಿ ಬಗ್ಗಿ ಇರ್ತೀರಾ?" ಅಂದರು.

"ಇಲ್ಲ ಸಾರ್" ಅಂದೆ.

ಸೋಮವಾರ ಕೆಲಸಕ್ಕೆ ಸೇರುತ್ತೇನೆ ಅಪ್ಪ. ಮಂಗಳವಾರ ಅಭ್ಯಾಸ.

ನಿನ್ನ ಮಗಳು