ಮೂರು ಬಾಟಲಿ, ಒಂದು ಡಬ್ಬಿ

ಅಕ್ಕಾ,

ನಾನು ಆರಾಮಾಗಿದ್ದೀನಿ, ಆದರೆ ಮಂಡಿನೋವಿನ ಹೊಸ ಔಷಧದ ಪರೀಕ್ಷೆಯಿಂದ ನನ್ನನ್ನ ತೆಗೆದುಹಾಕಿದ್ರು. ತಪ್ಪು ನಮ್ಮದೇ. ಈ ಆಸ್ಪತ್ರೇಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧ ಜನಕ್ಕೆ ಬರೀ ಹಿಟ್ಟಿನ ಮಾತ್ರೆ ಕೊಡ್ತಾರೆ. ಯಾರಿಗೆ ಯಾವುದು ಅಂತ ಕೊಡೋ ನರ್ಸಿಗೂ ಗೊತ್ತಿರಲ್ಲ. ಪಕ್ಕದ ಮಂಚದ ಟೀಚರಮ್ಮ, ಕಂಡಕ್ಟರಮ್ಮ, ನಾನು, ಮೂವರಿಗೂ ಇದು ಅನ್ಯಾಯ ಅನ್ನಿಸ್ತು. ನಿಜವಾದದ್ದು ಎಲ್ಲರಿಗೂ ಒಂದಿಷ್ಟು ಸಿಗಲಿ ಅಂತ ನಮ್ಮ ಮೂರು ಬಾಟಲೀನೂ ಒಂದೇ ಡಬ್ಬಿಗೆ ಸುರಿದು ಬೆರೆಸಿಬಿಟ್ವಿ. ದಿನಾ ಕಂಡಕ್ಟರಮ್ಮ ಟಿಕೆಟ್ ಕೊಟ್ಟ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಹಂಚೋರು.

ಮೂರು ವಾರ ಆದಮೇಲೆ ನಿನ್ನೆ ಡಾಕ್ಟರಮ್ಮನ ಕಣ್ಣಿಗೆ ಡಬ್ಬಿ ಬಿತ್ತು. ತಲೆ ಮೇಲೆ ಕೈಹೊತ್ತು ಕೂತ್ರು, ಪಾಪ. ಆಮೇಲೆ, "ಹೋಗಲಿ, ನೋವು ಹೇಗಿದೆ?" ಅಂದ್ರು. ಅರ್ಧಕ್ಕರ್ಧ ಇಳಿದಿದೆ ಅಂತ ಮೂವರೂ ಹೇಳಿದ್ವಿ. ಹೇಗೂ ನಮ್ಮನ್ನ ಕೈಬಿಟ್ಟಾಗಿತ್ತಲ್ಲ, ಯಾರಿಗೆ ಯಾವ ಮಾತ್ರೆ ಅಂತ ಬರೆದು ಮುಚ್ಚಿಟ್ಟಿದ್ದ ಪಟ್ಟಿ ತರಿಸಿ ನೋಡಿದ್ರು. ಮೂರು ಬಾಟಲೀಲೂ ಇದ್ದದ್ದು ಹಿಟ್ಟೇ.

ಗುರುವಾರ ಬರ್ತೀನಿ. ಭಾವನಿಗೆ ಇದನ್ನೆಲ್ಲ ಹೇಳಬೇಡ, ವರ್ಷಪೂರ್ತಿ ಆಡಿಕೊಂಡು ನಗ್ತಾರೆ. ಅಂಚೆ ಡಬ್ಬಿ ಪಕ್ಕ ನಿಂತೇ ಇದನ್ನ ಬರೀತಿದ್ದೀನಿ. ನಾಲ್ಕು ಮಹಡಿ ಮೆಟ್ಟಿಲು ಇಳಿದು ಬಂದೆ ಕಣೇ, ಲಿಫ್ಟ್ ಇರೋದು ಈಗ ನೆನಪಾಯ್ತು.

ನಿನ್ನ ಪುಟ್ಟಿ